ಹಪ್ಪಳಕ್ಕೆ 200, ಕೊರಿಯರಿಗೆ 130: ಯಾರು ಕೊಡಬೇಕು, ಎಷ್ಟು ಕೊಡಬೇಕು?

ಹೋದ ವರ್ಷ ಬೇಸಿಗೆ ಕೊನೆಗೆ ನಮ್ಮಕ್ಕ ಒಂದು ವಾಟ್ಸಾಪ್ ಸ್ಕ್ರೀನ್‌ಶಾಟ್ ಕಳಿಸಿದಳು. ಅವಳಿರುವುದು ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿ. ಹಲಸಿನ ಹಪ್ಪಳ, ಅರಳು ಸಂಡಿಗೆ ಮಾಡಿ, ಇನ್‌ಸ್ಟಾಗ್ರಾಮಲ್ಲಿ ಫೋಟೊ ಹಾಕಿ ಮಾರುತ್ತಾಳೆ. ದೆಹಲಿಯಿಂದ ಒಬ್ಬರು ಬರೆದಿದ್ದರು: "ಹಪ್ಪಳಕ್ಕೆ 200, ಕೊರಿಯರಿಗೆ 130 ಅಂದ್ರೆ ಹೇಗೆ ಮೇಡಂ? ಆ್ಯಪಲ್ಲಿ ಎಲ್ಲಾ ಫ್ರೀ ಡೆಲಿವರಿ ಇದೆ." ಅದರ ಕೆಳಗೆ ನನಗೆ ಅಕ್ಕನ ಪ್ರಶ್ನೆ: "ಎಂತ ಹೇಳಲಿ ತಮ್ಮಾ?"

ನನಗೂ ತಕ್ಷಣ ಹೊಳೆಯಲಿಲ್ಲ. ಆ 130ರಲ್ಲಿ ಅಕ್ಕನಿಗೆ ಒಂದು ರೂಪಾಯಿಯೂ ಉಳಿಯುತ್ತಿರಲಿಲ್ಲ. ಕೊರಿಯರ್‌ನವರ ರೇಟು 95. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬಿದ್ದು 112. ಡಬ್ಬ, ಟೇಪು, ಬಬಲ್ ಶೀಟು ಎಲ್ಲ ಸೇರಿ 18. ಅಲ್ಲಿಗೆ ಮುಗೀತು. ಆದರೆ ಆ ಗ್ರಾಹಕರು ಕೇಳಿದ್ದೂ ತಪ್ಪಲ್ಲ. 200 ರೂಪಾಯಿ ಸಾಮಾನಿಗೆ 130 ರೂಪಾಯಿ ಸಾಗಾಣಿಕೆ ಅಂದರೆ ಯಾರಿಗಾದರೂ ಕಣ್ಣು ಕುಕ್ಕುತ್ತದೆ. ಇಬ್ಬರದೂ ಸರಿ ಇದ್ದಾಗ ರೇಟು ಕಟ್ಟುವುದು ಹೇಗೆ? ಅಲ್ಲಿಂದ ಶುರುವಾದ ಲೆಕ್ಕ ಇದು.

ಮೊದಲು ಆ ಫ್ರೀ ಡೆಲಿವರಿ ವಿಚಾರ. ಅಮೆರಿಕದಲ್ಲಿ ಅಮೆಜಾನ್ 2005ರಲ್ಲಿ ಪ್ರೈಮ್ ಶುರು ಮಾಡಿದಾಗ ವರ್ಷಕ್ಕೆ 79 ಡಾಲರ್ ಇಟ್ಟಿತ್ತು. ಅಂದರೆ ಅದು ಫ್ರೀ ಅಲ್ಲ, ಮುಂಗಡ ಕಟ್ಟಿದ ಸಾಗಾಣಿಕೆ. ನಮ್ಮಲ್ಲೂ ದೊಡ್ಡ ಆ್ಯಪುಗಳಲ್ಲಿ ಕೊಳ್ಳುವವರಿಗೆ ಸೊನ್ನೆ ಅಂತ ಕಂಡರೂ, ಮಾರುವವರ ಖಾತೆಯಲ್ಲಿ ತೂಕದ ಲೆಕ್ಕದಲ್ಲಿ ಒಂದು ಶುಲ್ಕ ಕಟ್ ಆಗಿರುತ್ತದೆ. ಅವರು ಅದನ್ನು ಸಾಮಾನಿನ ಬೆಲೆಯಲ್ಲಿ ಮೊದಲೇ ಸೇರಿಸಿರುತ್ತಾರೆ. ಲಾರಿ ಓಡುವುದು ಡೀಸೆಲ್‌ನಲ್ಲೇ ಅಲ್ವಾ? ಯಾರೋ ಕೊಟ್ಟಿರಲೇಬೇಕು. ಆ ಯಾರೋ ಯಾರು ಅನ್ನುವುದೇ ನನಗೆ ಮುಖ್ಯ ಅನಿಸಿದ್ದು.

ಅಕ್ಕನ ಲೆಕ್ಕವನ್ನೇ ತಗೊಳ್ಳಿ, ದುಂಡಾಗಿ ಹೇಳುತ್ತೇನೆ. 10 ಆರ್ಡರಿನಲ್ಲಿ 6 ಕರ್ನಾಟಕದ ಒಳಗೆ, ತಲಾ 60. ಮುಂಬೈ, ಚೆನ್ನೈ ಕಡೆ 2, ತಲಾ 90. ದೆಹಲಿಗೆ 1, 110. ಗುವಾಹಟಿಗೆ 1, 150. ಒಟ್ಟು 800. ಒಂದಕ್ಕೆ 80 ಬಿತ್ತು. ಈಗ ಅಕ್ಕ ಹಪ್ಪಳದ ಬೆಲೆಗೆ 80 ಸೇರಿಸಿ, 280 ಮಾಡಿ, ಫ್ರೀ ಡೆಲಿವರಿ ಅಂತ ಬೋರ್ಡು ಹಾಕಿದಳು ಅಂದುಕೊಳ್ಳಿ. ಶಿವಮೊಗ್ಗದ ಗ್ರಾಹಕ 20 ರೂಪಾಯಿ ಜಾಸ್ತಿ ಕೊಟ್ಟ. ಗುವಾಹಟಿಯವರು 70 ಕಡಿಮೆ ಕೊಟ್ಟರು. ಶಿವಮೊಗ್ಗದವನಿಗೆ ಇದು ಗೊತ್ತೇ ಇಲ್ಲ, ಅವನು ಫ್ರೀ ಸಿಕ್ಕಿತು ಅಂತ ಖುಷಿಯಲ್ಲಿದ್ದಾನೆ.

ಇದು ಇಲ್ಲಿಗೇ ನಿಂತರೆ ಪರವಾಗಿಲ್ಲ. ನಿಲ್ಲುವುದಿಲ್ಲ. ಹತ್ತಿರದವರು 280 ನೋಡಿ, ಇದಕ್ಕಿಂತ ನಮ್ಮೂರ ಸಂತೆಯಲ್ಲೇ ಅಗ್ಗ ಅಂತ ಜಾರಿಕೊಳ್ಳುತ್ತಾರೆ, ದೂರದವರಿಗೆ ಲಾಭ ಇರುವುದರಿಂದ ಅವರ ಆರ್ಡರು ಏರುತ್ತದೆ. 6-2-1-1 ಇದ್ದದ್ದು 3-3-2-2 ಆಯಿತು ಅನ್ನಿ. ಆಗ ಒಟ್ಟು ಖರ್ಚು 970, ಒಂದಕ್ಕೆ 97. ಸೇರಿಸಿದ್ದು 80. ಪ್ರತಿ ಕಟ್ಟಿಗೆ 17 ಕೈಬಿಟ್ಟಿತು. ಒಂದು ಕಟ್ಟಿಗೆ ಉಳಿಯುವುದೇ 60 ಆದಾಗ 17 ಅಂದರೆ ಸಣ್ಣ ಮೊತ್ತವಲ್ಲ. ವ್ಯಾಪಾರ ಚೆನ್ನಾಗಿದೆ, ದುಡ್ಡು ಮಾತ್ರ ಕಾಣ್ತಿಲ್ಲ ಅಂತ ಎಷ್ಟೋ ಮನೆ ವ್ಯಾಪಾರದವರು ಹೇಳುವುದನ್ನು ಕೇಳಿದ್ದೇನೆ, ಅದರಲ್ಲಿ ಒಂದು ತೂತು ಇದು.

ಹಾಗಂತ ದೂರ ನೋಡದೆ ಒಂದೇ ರೇಟು ಇಡುವುದು ತಪ್ಪು ಕಲ್ಪನೆ ಏನಲ್ಲ. ಅಂಚೆ ಇಲಾಖೆ ನಿಂತಿದ್ದೇ ಅದರ ಮೇಲೆ. 1854ರಲ್ಲಿ ದೇಶಕ್ಕೆಲ್ಲ ಒಂದೇ ಅಂಚೆ ಚೀಟಿ ಬಂದಾಗ, ಕಾಗದ ಪಕ್ಕದೂರಿಗೆ ಹೋಗಲಿ ಕಲ್ಕತ್ತೆಗೆ ಹೋಗಲಿ, ತೂಕ ಒಂದೇ ಆದರೆ ದರವೂ ಒಂದೇ ಅಂತಾಯಿತು. ಈಗಲೂ ಅದರ ಗುರುತು ಉಳಿದಿದೆ. 2025ರ ಅಕ್ಟೋಬರ್ 1ರಿಂದ ಬಂದ ಸ್ಪೀಡ್ ಪೋಸ್ಟ್ ದರ ನೋಡಿ: 50 ಗ್ರಾಂ ಒಳಗಿನ ಕಾಗದ ಊರೊಳಗೆ 19 ರೂಪಾಯಿ, ಊರಾಚೆ ದೇಶದಲ್ಲಿ ಎಲ್ಲಿಗಾದರೂ 47. ತೂಕ ಏರಿದ ಮೇಲೆ ಮಾತ್ರ ದೂರ ಲೆಕ್ಕಕ್ಕೆ ಬರುತ್ತದೆ. 250ರಿಂದ 500 ಗ್ರಾಂ ಆದರೆ ಊರೊಳಗೆ 28, ಎರಡು ಸಾವಿರ ಕಿಲೋಮೀಟರ್ ದಾಟಿದರೆ 93. ಮೇಲೆ ಜಿಎಸ್‌ಟಿ. ಅಂದರೆ ಹಗುರಾಗಿದ್ದರೆ ಎಲ್ಲರೂ ಹಂಚಿಕೊಳ್ಳೋಣ, ಭಾರವಾದರೆ ಅವರವರ ದೂರ ಅವರವರೇ ನೋಡಿಕೊಳ್ಳಲಿ ಅನ್ನುವ ಧೋರಣೆ. ನನಗೆ ಇದು ಸರಿ ಕಾಣುತ್ತದೆ. ಆದರೆ ಅಂಚೆ ಇಲಾಖೆಗೆ ನಷ್ಟವಾದರೆ ತುಂಬಲು ಸರ್ಕಾರವಿದೆ. ಅಕ್ಕನಿಗೆ ತುಂಬಲು ಭಾವನ ಅಡಿಕೆ ದುಡ್ಡು ಮಾತ್ರ ಇದೆ.

ನಮ್ಮಲ್ಲಿ ಹಳೆಯ ಪದ್ಧತಿ ಬೇರೆ ಇತ್ತು. ಪುಸ್ತಕದ ಜಾಹೀರಾತುಗಳ ಕೊನೆ ಸಾಲು ನೆನಪಿದೆಯಾ? "ಅಂಚೆ ವೆಚ್ಚ ಪ್ರತ್ಯೇಕ." ಮೂರೇ ಪದದಲ್ಲಿ ವಿಷಯ ಮುಗಿಯಿತು. ವಿಪಿಪಿ ಅಂತ ತರಿಸಿದರೆ ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟು ಕಟ್ಟು ಬಿಡಿಸಿಕೊಳ್ಳಬೇಕು. ಆ ವ್ಯವಸ್ಥೆ ಇಲ್ಲಿ 1877ರಿಂದ ಇದೆ, ಅಂದರೆ ಇವತ್ತಿನ ಕ್ಯಾಶ್ ಆನ್ ಡೆಲಿವರಿಯ ಮುತ್ತಜ್ಜ. ಲಾರಿ ಪಾರ್ಸೆಲ್‌ನಲ್ಲಿ "ಟು ಪೇ" ಅಂತ ಬರೆಸುತ್ತಿದ್ದರು, ಈಗಲೂ ಬರೆಸುತ್ತಾರೆ. ಬಾಡಿಗೆ ಎಷ್ಟು ಅಂತ ಎಲ್‌ಆರ್ ಚೀಟಿಯಲ್ಲೇ (ಲಾರಿ ರಸೀದಿ) ಇರುತ್ತದೆ, ಬಿಡಿಸಿಕೊಳ್ಳುವವರು ಟ್ರಾನ್ಸ್‌ಪೋರ್ಟ್ ಆಫೀಸಿಗೇ ಕಟ್ಟುತ್ತಾರೆ. ಮಾರಿದವರ ಕೈಗೆ ಆ ದುಡ್ಡು ಬರುವುದೇ ಇಲ್ಲ, ಹಾಗಾಗಿ ಜಗಳವೂ ಇಲ್ಲ. ಬಸ್ಸಿನಲ್ಲಿ ಹಾಕುವುದೂ ಹೀಗೇ. ಕೆಎಸ್‌ಆರ್‌ಟಿಸಿ 2021ರಲ್ಲಿ "ನಮ್ಮ ಕಾರ್ಗೋ" ಅಂತ ಹೆಸರಿಟ್ಟು ಪಾರ್ಸೆಲ್ ಸೇವೆ ಶುರು ಮಾಡಿತು. ಆದರೆ ಬಸ್ ಸ್ಟ್ಯಾಂಡಿಗೆ ಹೋಗಿ ತರಬೇಕು. 200 ರೂಪಾಯಿ ಹಪ್ಪಳಕ್ಕೆ ಮೆಜೆಸ್ಟಿಕ್ಕಿಗೆ ಹೋಗಿ ಬರಲು ಯಾರೂ ತಯಾರಿಲ್ಲ. 

ಈಗ ಡಬ್ಬದ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಹೊಸದಾಗಿ ಮಾರಲು ಶುರು ಮಾಡಿದವರು ಮೊದಲು ಏಟು ತಿನ್ನುವುದು ಇಲ್ಲೇ.

ಅರಳು ಸಂಡಿಗೆ ಗೊತ್ತಲ್ಲ, ಕೈಯಲ್ಲಿ ಹಿಡಿದರೆ ಹತ್ತಿ ಹಿಡಿದ ಹಾಗೆ. ಒತ್ತಿದರೆ ಪುಡಿ. ಅಕ್ಕ ಮೊದಲ ಸಲ ಕಳಿಸುವಾಗ ಪುಡಿಯಾಗಬಾರದು ಅಂತ ದೊಡ್ಡ ಡಬ್ಬ ತಗೊಂಡು, ಸುತ್ತ ಪೇಪರ್ ಉಂಡೆ ಮಾಡಿ ತುರುಕಿ, ಅಡುಗೆ ಮನೆ ತಕ್ಕಡಿಯಲ್ಲಿ ಇಟ್ಟಳು. 1 ಕೆಜಿ 100 ಗ್ರಾಂ. ಒಂದೂವರೆ ಕೆಜಿ ರೇಟು ನೋಡಿ ಗ್ರಾಹಕರಿಂದ ಅಷ್ಟೇ ತಗೊಂಡಳು. ಹನ್ನೆರಡು ದಿನ ಬಿಟ್ಟು, ಮುಂಗಡ ದುಡ್ಡು ಹಾಕಿಡುವ ಕೊರಿಯರ್ ವಾಲೆಟ್‌ನಲ್ಲಿ ದುಡ್ಡು ಕಟ್ ಆಗಿದೆ. ಕಂಪನಿಯವರ ಪ್ರಕಾರ ತೂಕ 4 ಕೆಜಿ!

ಮೋಸ ಅಲ್ಲ ಅದು. ಡಬ್ಬದ ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಅಳೆದು, ಗುಣಿಸಿ, 5000ದಿಂದ ಭಾಗಿಸುತ್ತಾರೆ. ಹೆಚ್ಚಿನ ಕೊರಿಯರ್ ಕಂಪನಿಗಳ ಸೂತ್ರ ಇದೇ. ಅಕ್ಕನ ಡಬ್ಬ 30, 30, 20. ಗುಣಿಸಿದರೆ 18,000. ಭಾಗಿಸಿದರೆ 3.6. ಅರ್ಧ ಅರ್ಧ ಕೆಜಿ ಲೆಕ್ಕದಲ್ಲಿ ಮೇಲಕ್ಕೆ ಏರಿಸುತ್ತಾರೆ, ಹಾಗಾಗಿ 4. ನಿಜವಾದ ತೂಕ, ಈ ಅಳತೆಯ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ವಿವರಿಸಿದಾಗ ಅಕ್ಕ, "ಎಂತದಾ, ಗಾಳಿಗೂ ದುಡ್ಡು ತಗೊಳ್ತಾರಾ?" ಅಂದಳು. ಹೌದು, ತಗೊಳ್ತಾರೆ. ವ್ಯಾನಿನಲ್ಲಿ ಗಾಳಿ ಹಿಡಿದ ಜಾಗದಲ್ಲಿ ಇನ್ನೊಬ್ಬರ ಪಾರ್ಸೆಲ್ ಕೂರಬಹುದಿತ್ತು, ಅದು ಅವರ ವಾದ, ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

ಪೇಟೆಗೆ ಹೋದಾಗ 30, 25, 12ರ ಡಬ್ಬ ತಂದೆವು. 9,000. ಭಾಗಿಸಿದರೆ 1.8, ಅಂದರೆ 2 ಕೆಜಿ. ಸಂಡಿಗೆ ಅಷ್ಟೇ, ದಾರಿ ಅಷ್ಟೇ, ತೂಕ ಅರ್ಧ. ಗ್ರಾಹಕರಿಗೆ ನ್ಯಾಯವಾಗಿ ರೇಟು ಹಾಕುವುದು ಅಂದರೆ ಅದರಲ್ಲಿ ಒಂದು ಪಾಲು ಹೀಗೆ ಡಬ್ಬದ ಅಂಗಡಿಯಲ್ಲಿ ನಿಂತು ಸ್ಕೇಲು ಹಿಡಿಯುವುದು. ನಾವು ದೊಡ್ಡ ಡಬ್ಬ ಬಳಸಿದ್ದಕ್ಕೆ ಅವರು ಯಾಕೆ ದಂಡ ಕಟ್ಟಬೇಕು? ಅಂದಹಾಗೆ, ಪ್ಯಾಕ್ ಮಾಡಿದ ಮೇಲೆ ತಕ್ಕಡಿಯ ಮೇಲಿಟ್ಟು ಒಂದು ಫೋಟೊ, ಪಕ್ಕದಲ್ಲಿ ಟೇಪು ಹಿಡಿದು ಇನ್ನೊಂದು ಫೋಟೊ ತೆಗೆದಿಡಿ. ಒಮ್ಮೆ ಸರಿಯಾದ ಡಬ್ಬಕ್ಕೂ ಅಕ್ಕನಿಗೆ ತಪ್ಪು ತೂಕ ಹಾಕಿದ್ದರು, ಫೋಟೊ ಇದ್ದದ್ದಕ್ಕೆ ದುಡ್ಡು ವಾಪಸ್ ಬಂತು.

ಹಪ್ಪಳದ್ದು ಇನ್ನೊಂದು ಮಜಾ. ಒಂದು ಕಟ್ಟು 425 ಗ್ರಾಂ, ಡಬ್ಬ-ಗಿಬ್ಬ 115. ಒಟ್ಟು 540. ಅರ್ಧ ಕೆಜಿ ದಾಟಿತು, ಹಾಗಾಗಿ ಒಂದು ಕೆಜಿ ರೇಟು. ಎರಡು ಕಟ್ಟು ಹಾಕಿದರೆ 965. ಆಗಲೂ ಒಂದು ಕೆಜಿ ರೇಟೇ! ಎರಡನೇ ಕಟ್ಟಿಗೆ ಕೊರಿಯರ್ ಖರ್ಚು ಸೊನ್ನೆ. ಇದು ಗೊತ್ತಿಲ್ಲದೆ ಕಟ್ಟಿಗೆ ಇಷ್ಟು ಅಂತ ರೇಟು ಹಾಕಿದರೆ ಎರಡು ಕಟ್ಟಿಗೆ ಡಬಲ್ ವಸೂಲಿ ಮಾಡಿದಂತಾಯಿತು. ತುಂಬಾ ಜನ ಗೊತ್ತಿಲ್ಲದೆ ಮಾಡುತ್ತಾರೆ, ಕೆಲವರು ಗೊತ್ತಿದ್ದೇ ಮಾಡುತ್ತಾರೆ. ದೆಹಲಿಯವರಿಗೆ ಕೊನೆಗೆ ಕೊಟ್ಟ ಉತ್ತರವೂ ಇದೇ: "ಒಂದು ಕಟ್ಟಿಗೆ 130 ಜಾಸ್ತಿ ಅನಿಸೋದು ನಿಜ, ಎರಡು ತಗೊಂಡರೂ ಅಷ್ಟೇ 130." ಅವರು ಎರಡು ತಗೊಂಡರು.

ಇನ್ನು ಕ್ಯಾಶ್ ಆನ್ ಡೆಲಿವರಿ, ಅಂದರೆ ಸಿಒಡಿ. ನನ್ನ ಮಟ್ಟಿಗೆ ಸಾಗಾಣಿಕೆ ರೇಟಿನಲ್ಲಿ ದೊಡ್ಡ ಅನ್ಯಾಯ ನಡೆಯುವುದು ದೂರದಿಂದಲ್ಲ, ಇದರಿಂದ. ಆರ್ಡರ್ ಮಾಡುತ್ತಾರೆ, ಡಬ್ಬ ಮನೆ ಬಾಗಿಲಿಗೆ ಹೋಗುತ್ತದೆ, ಫೋನ್ ಎತ್ತುವುದಿಲ್ಲ ಅಥವಾ ಬೇಡ ಅನ್ನುತ್ತಾರೆ. ವಾಪಸ್ ಬರುತ್ತದೆ. ಈ ವ್ಯಾಪಾರದಲ್ಲಿ ಅದನ್ನು ಆರ್‌ಟಿಒ ಅನ್ನುತ್ತಾರೆ, ಅಂದರೆ ರಿಟರ್ನ್ ಟು ಒರಿಜಿನ್, ಲೈಸೆನ್ಸ್ ಕೊಡುವ ಆಫೀಸಲ್ಲ, ಆದರೆ ಹೆಸರು ಕೇಳಿದರೆ ಬರುವ ಸುಸ್ತು ಒಂದೇ. ಹೋಗುವ ಖರ್ಚು, ಬರುವ ಖರ್ಚು ಎರಡೂ ಮಾರಿದವರದ್ದು. ಹಪ್ಪಳ ಆದರೆ ವಾಪಸ್ ಬರುವಾಗ ಅರ್ಧ ಮುರಿದಿರುತ್ತದೆ, ಅದನ್ನು ನಾವೇ ಹುರಿದು ತಿನ್ನಬೇಕು.

ಲೆಕ್ಕ ಹಾಕಿ. 10 ಸಿಒಡಿ ಆರ್ಡರಿನಲ್ಲಿ 2 ವಾಪಸ್ ಬಂತು. ಹೋಗಿ ಬರುವುದಕ್ಕೆ ಒಂದಕ್ಕೆ 120, ಎರಡಕ್ಕೆ 240. ಅದನ್ನು ಉಳಿದ 8 ಜನರ ಮೇಲೆ ಹಾಕಿದರೆ ತಲಾ 30. ಇದರ ಜೊತೆಗೆ ದುಡ್ಡು ವಸೂಲಿ ಮಾಡಿ ಕೊಡುವುದಕ್ಕೆ ಕೊರಿಯರ್‌ನವರದ್ದು ಬೇರೆ ಶುಲ್ಕ, ಅಕ್ಕನಿಗೆ 40 ಬೀಳುತ್ತಿತ್ತು. ಅಲ್ಲಿಗೆ ಸಿಒಡಿ ಆರ್ಡರ್ ಒಂದಕ್ಕೆ 70 ರೂಪಾಯಿ ಹೆಚ್ಚುವರಿ. ಇದನ್ನು ಎಲ್ಲರ ಶಿಪ್ಪಿಂಗ್‌ನಲ್ಲೂ ಸೇರಿಸಿಬಿಟ್ಟರೆ, ಆರ್ಡರ್ ಮಾಡಿದ ಕೂಡಲೇ ಯುಪಿಐನಲ್ಲಿ ದುಡ್ಡು ಹಾಕಿದ ಮರ್ಯಾದಸ್ಥರು, ಬಾಗಿಲು ತೆಗೆಯದವರ ಪರವಾಗಿ ದಂಡ ಕಟ್ಟಿದಂತೆ. ಇದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಸಿಒಡಿ ಬೇಕು ಅಂದವರಿಗೆ ಮಾತ್ರ 70 ಹಾಕೋಣ ಅಂದರೆ ಯಾರೂ ಆರ್ಡರ್ ಮಾಡಲ್ಲ. ಹಾಗಂತ ಸಿಒಡಿಯನ್ನೇ ತೆಗೆದರೂ ಕಷ್ಟ. ಗುರುತಿಲ್ಲದ ಅಕೌಂಟಿಗೆ ಮೊದಲೇ ದುಡ್ಡು ಹಾಕಿ ಮೋಸಹೋದವರು ಬೇಕಾದಷ್ಟಿದ್ದಾರೆ, ಅವರ ಅನುಮಾನ ನ್ಯಾಯವೇ. ಇನ್‌ಸ್ಟಾಗ್ರಾಮಲ್ಲಿ ಮಾರುವ ಹಲವರು ಹಿಡಿದ ದಾರಿ ನನಗೆ ಮೆಚ್ಚುಗೆಯಾಯಿತು: ಸಾಗಾಣಿಕೆ ದುಡ್ಡು ಮಾತ್ರ ಮುಂಗಡ, ಸಾಮಾನಿನ ದುಡ್ಡು ಕೈಗೆ ಬಂದ ಮೇಲೆ. ಸುಮ್ನೆ ಆರ್ಡರ್ ಮಾಡುವವರು ಅಲ್ಲೇ ಕಳಚಿಕೊಳ್ಳುತ್ತಾರೆ. ಅಕ್ಕ ಇದನ್ನು ಶುರು ಮಾಡಿದ ಮೇಲೆ ವಾಪಸ್ ಬಂದದ್ದು ಒಂದೇ ಡಬ್ಬ, ಅದೂ ವಿಳಾಸ ತಪ್ಪಾಗಿ.

ಮಾರುವವರ ಕಡೆಯ ಕಳ್ಳಾಟವನ್ನೂ ಹೇಳಬೇಕು. ಸಾಮಾನು 99, ಶಿಪ್ಪಿಂಗ್ 149. ಇದು ಹಳೇ ಆಟ. ಇಬೇ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ ಒಂದು ಕಾಲದಲ್ಲಿ ಸಾಮಾನಿನ ಬೆಲೆಗೆ ಮಾತ್ರ ಕಮಿಷನ್ ಇತ್ತು, ಶಿಪ್ಪಿಂಗ್‌ಗೆ ಇರಲಿಲ್ಲ. ಹಾಗಾಗಿ ಕೆಲವರು ಬೆಲೆ ಇಳಿಸಿ ಶಿಪ್ಪಿಂಗ್ ಏರಿಸಿದರು. 2011ರಲ್ಲಿ ಅಮೆರಿಕದಲ್ಲಿ ಇಬೇ ಶಿಪ್ಪಿಂಗ್ ದುಡ್ಡಿನ ಮೇಲೂ ಕಮಿಷನ್ ಹಾಕಿತು, ಈ ಆಟದ ಲಾಭ ಅಲ್ಲಿಗೆ ಹೋಯಿತು. ಕೊಳ್ಳುವವರು ಒಟ್ಟು ಕೊಡುವುದು ಅಷ್ಟೇ ಆದರೆ ಏನು ತೊಂದರೆ ಅಂತ ಕೇಳಬಹುದು. ತೊಂದರೆ ಇದೆ. ಸಾಮಾನು ಸರಿಯಿಲ್ಲ ಅಂತ ವಾಪಸ್ ಕೊಟ್ಟಾಗ "ಶಿಪ್ಪಿಂಗ್ ಚಾರ್ಜ್ ಬಿಟ್ಟು ಉಳಿದದ್ದು" ಅಂತ 99 ಕೈಗಿಡುತ್ತಾರೆ. ಬೆಲೆಯನ್ನು ಶಿಪ್ಪಿಂಗ್ ಹೆಸರಿನ ಹಿಂದೆ ಬಚ್ಚಿಟ್ಟರೆ ಅದು ವಾಪಸ್ ಬರದ ದುಡ್ಡಾಗುತ್ತದೆ.

ಅದಕ್ಕೇ ನಾನು ಡಬ್ಬ, ಟೇಪಿನ ಖರ್ಚನ್ನು ಹಪ್ಪಳದ ಬೆಲೆಗೇ ಸೇರಿಸು ಅಂತ ಅಕ್ಕನಿಗೆ ಹೇಳಿದ್ದು. ಅದು ಶಿವಮೊಗ್ಗಕ್ಕೂ ಒಂದೇ, ಗುವಾಹಟಿಗೂ ಒಂದೇ. ದೂರಕ್ಕೆ ತಕ್ಕಂತೆ ಬದಲಾಗುವುದು ಮಾತ್ರ ಸಾಗಾಣಿಕೆ. ಕೊರಿಯರ್ ಚೀಟಿಯ ಫೋಟೊ ಕಳಿಸಿದರೆ ನಾಚಿಕೆಯಾಗಬಾರದು, ಅಷ್ಟು ಹತ್ತಿರ ಇರಬೇಕು ರೇಟು. ಕೆಲವರು ಪ್ಯಾಕ್ ಮಾಡುವ ಸಮಯ, ಪೇಟೆಗೆ ಹೋಗುವ ಪೆಟ್ರೋಲ್ ಎಲ್ಲಿ ಹಾಕೋಣ ಅಂತ ಕೇಳುತ್ತಾರೆ. ಅದೂ ಬೆಲೆಯಲ್ಲೇ. ಅಕ್ಕ ಮಂಗಳವಾರ, ಶುಕ್ರವಾರ ಮಾತ್ರ ಪೇಟೆಗೆ ಹೋಗುತ್ತಾಳೆ, ಅಲ್ಲಿಗೆ ಪೆಟ್ರೋಲ್ ಚರ್ಚೆ ಮುಗಿಯಿತು.

ಕಾನೂನು ಏನನ್ನುತ್ತದೆ? 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕು, ಅದರಲ್ಲಿ ಡೆಲಿವರಿ ಎಷ್ಟು, ಅಂಚೆ ಎಷ್ಟು, ಹ್ಯಾಂಡ್ಲಿಂಗ್ ಎಷ್ಟು, ತೆರಿಗೆ ಎಷ್ಟು ಅಂತ ಬಿಡಿಸಿಯೂ ತೋರಿಸಬೇಕು. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಬಗೆಯ "ಡಾರ್ಕ್ ಪ್ಯಾಟರ್ನ್", ಅಂದರೆ ಕೊಳ್ಳುವವರನ್ನು ದಾರಿ ತಪ್ಪಿಸುವ ಆನ್‌ಲೈನ್ ತಂತ್ರಗಳನ್ನು, ಪಟ್ಟಿ ಮಾಡಿತು. ಅದರಲ್ಲಿ ಒಂದು ಡ್ರಿಪ್ ಪ್ರೈಸಿಂಗ್, ಅಂದರೆ ಮೊದಲು ಕಡಿಮೆ ತೋರಿಸಿ ಕೊನೆಯ ಪುಟದಲ್ಲಿ ಒಂದೊಂದೇ ಚಾರ್ಜು ಸುರಿಯುವುದು. ಜಿಎಸ್‌ಟಿ ಕಟ್ಟುವವರು ಇನ್ನೊಂದು ವಿಷಯ ಗಮನಿಸಿ: ಸಾಮಾನಿನ ಜೊತೆಗೇ ವಸೂಲಿ ಮಾಡುವ ಸಾಗಾಣಿಕೆಗೆ ಸಾಮಾನ್ಯವಾಗಿ ಸಾಮಾನಿನ ತೆರಿಗೆ ದರವೇ ಅನ್ವಯ, ಬೇರೆಯಾಗಿ 18 ಅಲ್ಲ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಆದರೆ ಕೊರಿಯರ್‌ನವರು ನಮಗೆ ಹಾಕುವ 18 ನಮ್ಮ ತಲೆಗೇ, ಅದನ್ನು ಮರೆತು ರೇಟ್ ಕಾರ್ಡಿನ 95 ನೋಡಿ 95 ತಗೊಂಡರೆ 17 ಹೋಯಿತು.

ಪುಸ್ತಕದ ಮಾತು ಬಿಟ್ಟರೆ ಈ ಲೇಖನ ಕನ್ನಡದಲ್ಲಿ ಬರೆದೂ ಪ್ರಯೋಜನವಿಲ್ಲ. 150 ರೂಪಾಯಿ ಕನ್ನಡ ಪುಸ್ತಕಕ್ಕೆ 60 ರೂಪಾಯಿ ಕೊರಿಯರ್ ಕೊಟ್ಟು ತರಿಸುವವರು ಎಷ್ಟು ಜನ? ಅಂಚೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ ಇದ್ದಾಗ ಅಗ್ಗದಲ್ಲಿ ನಡೆಯುತ್ತಿತ್ತು. 2024ರ ಡಿಸೆಂಬರಿನಲ್ಲಿ ಅದು ನಿಂತಿತು, ಪ್ರಕಾಶಕರೂ ಓದುಗರೂ ಗಲಾಟೆ ಮಾಡಿದರು. 2025ರ ಮೇ 1ರಿಂದ "ಜ್ಞಾನ ಪೋಸ್ಟ್" ಬಂತು: 300 ಗ್ರಾಂಗೆ 20 ರೂಪಾಯಿ, 5 ಕೆಜಿಗೆ 100, ತೆರಿಗೆ ಬೇರೆ. ಒಳಗೆ ಜಾಹೀರಾತು ಇರಬಾರದು ಅನ್ನುವಂಥ ಷರತ್ತುಗಳಿವೆ, ನಿಧಾನವಾಗಿ ನೆಲದ ಮೇಲೇ ಹೋಗುತ್ತದೆ. ಆದರೆ ಆ ಎರಡು ಅಂಕಿ ನೋಡಿ. ತೂಕ ಹದಿನಾರು ಪಟ್ಟು ದಾಟಿದರೂ ದರ ಐದೇ ಪಟ್ಟು. ಒಂದು ಪುಸ್ತಕ ತರಿಸುವುದಕ್ಕಿಂತ ನಾಲ್ಕು ಸ್ನೇಹಿತರು ಸೇರಿ ಒಟ್ಟಿಗೆ ತರಿಸಿದರೆ ತಲಾ ಬೀಳುವುದು ಚಿಲ್ಲರೆ. ಫ್ರಾನ್ಸಿನಲ್ಲಿ ಇದೇ ಜಗಳ ಉಲ್ಟಾ ನಡೆದಿದೆ. ಅಲ್ಲಿ ಪುಸ್ತಕಕ್ಕೆ ಫ್ರೀ ಡೆಲಿವರಿ ಕೊಡಬಾರದು ಅಂತ 2014ರಲ್ಲಿ ಕಾನೂನು ಮಾಡಿದರು, ಅಮೆಜಾನ್ ಒಂದು ಸೆಂಟ್ ಇಟ್ಟು ನಕ್ಕಿತು. 2023ರ ಅಕ್ಟೋಬರಿನಿಂದ 35 ಯೂರೊಗಿಂತ ಕಡಿಮೆ ಆರ್ಡರಿಗೆ ಕನಿಷ್ಠ 3 ಯೂರೊ ತಗೊಳ್ಳಲೇಬೇಕು ಅಂತಾಯಿತು. ಸಣ್ಣ ಪುಸ್ತಕದಂಗಡಿಗಳು ಸೊನ್ನೆಯ ಜೊತೆ ಪೈಪೋಟಿ ಮಾಡಲಾರವು ಅನ್ನುವುದು ಅಲ್ಲಿನವರ ಕಾರಣ. ನಮ್ಮಲ್ಲಿ ಅಂಥ ಕಾನೂನು ಬೇಕು ಅಂತ ನಾನು ಹೇಳುವುದಿಲ್ಲ, ಆದರೆ ಅಕ್ಕನಂಥವರ ಎದುರು ನಿಂತಿರುವುದೂ ಅದೇ ಸೊನ್ನೆ.

ಹೊರದೇಶಕ್ಕೆ ಕಳಿಸುವ ವಿಷಯ ಒಂದೇ ಮಾತು. ಸ್ಥಿರ ರೇಟು ಇಡಬೇಡಿ. 2025ರ ಆಗಸ್ಟಿನಲ್ಲಿ ಅಮೆರಿಕ 800 ಡಾಲರ್ ಒಳಗಿನ ಪಾರ್ಸೆಲ್‌ಗಳ ಸುಂಕ ವಿನಾಯಿತಿ ತೆಗೆದಾಗ ನಮ್ಮ ಅಂಚೆಯಿಂದ ಅಲ್ಲಿಗೆ ಪಾರ್ಸೆಲ್ ಹೋಗುವುದೇ ನಿಂತು, ಅಕ್ಟೋಬರ್ ಮಧ್ಯದಲ್ಲಿ ಮತ್ತೆ ಶುರುವಾಯಿತು. ಅಲ್ಲಿನ ಕನ್ನಡದವರು ಕೇಳಿದಾಗ ಆವತ್ತಿನ ದರ ನೋಡಿ ಹೇಳುವುದೇ ವಾಸಿ.

ಈಗ ಅಕ್ಕನ ವಾಟ್ಸಾಪ್‌ನಲ್ಲಿ ರೇಟು ಹೀಗಿದೆ. ಹಪ್ಪಳದ ಕಟ್ಟು 220, ಪ್ಯಾಕಿಂಗ್ ಸೇರಿ. ಕರ್ನಾಟಕದೊಳಗೆ 2 ಕಟ್ಟಿನವರೆಗೆ ಕೊರಿಯರ್ 60, 4 ಕಟ್ಟಿನವರೆಗೆ 100. ಹೊರಗೆ ಆದರೆ ಪಿನ್ ಕೋಡ್ ಕಳಿಸಿ, ಅಂದಾಜು ಹೇಳುತ್ತೇವೆ. ಎಲ್ಲಿಯೂ ಫ್ರೀ ಅನ್ನುವ ಪದ ಇಲ್ಲ. ಅದರಿಂದ ಕೆಲವು ಆರ್ಡರ್ ಹೋಗಿರಬಹುದು, ಅಲ್ಲ ಅನ್ನಲ್ಲ. ಆದರೆ ಒಂದು ಕಟ್ಟು ಕೇಳುವವರು ಕಡಿಮೆಯಾಗಿದ್ದಾರೆ, ಎರಡು ಅಥವಾ ನಾಲ್ಕೇ ಜಾಸ್ತಿ.

ಮೊನ್ನೆ ಮಳೆ ಶುರುವಾದ ಮೇಲೆ ಹೊಸ ತಲೆನೋವು. ಹಪ್ಪಳ ಮೆತ್ತಗಾಗಬಾರದು ಅಂತ ಒಳಗೊಂದು ದಪ್ಪ ಕವರು ಹಾಕಿದ್ದಕ್ಕೆ ಎರಡು ಕಟ್ಟಿನ ಡಬ್ಬ 965 ಇದ್ದದ್ದು 1010 ಗ್ರಾಂ ಆಯಿತು. ಹತ್ತು ಗ್ರಾಂಗೆ ಒಂದೂವರೆ ಕೆಜಿ ರೇಟು. "ಒಂದೊಂದು ಕಟ್ಟಿಂದ ಒಂದೊಂದು ಹಪ್ಪಳ ತೆಗೀಲಾ ತಮ್ಮಾ? ಯಾರು ಎಣಿಸ್ತಾರೆ?" ಅಂತ ಅಕ್ಕ ಫೋನ್ ಮಾಡಿದಳು. ಬೇಡ, ಎಣಿಸುವವರು ಇದ್ದೇ ಇರುತ್ತಾರೆ ಅಂದೆ. ಈಗ ತೆಳು ಡಬ್ಬ ಹುಡುಕುತ್ತಿದ್ದೇವೆ.